ನಿಕೊ ಕೊವಾಚ್

ನಿಕೊ ಕೊವಾಚ್ (ಜನನ: 15 ಅಕ್ಟೋಬರ್ 1971, ಪಶ್ಚಿಮ ಬರ್ಲಿನ್) ಕ್ರೊಯೇಷ್ಯಾ ರಾಷ್ಟ್ರೀಯ ಫುಟ್‌ಬಾಲ್ ತಂಡದ ಮಾಜಿ ನಾಯಕ, ರಕ್ಷಣಾತ್ಮಕ ಮಿಡ್‌ಫೀಲ್ಡರ್ ಮತ್ತು ಫುಟ್‌ಬಾಲ್ ತರಬೇತುದಾರ. ಆಟಗಾರರಾಗಿ ಹೆರ್ಥಾ ಬರ್ಲಿನ್, ಬಾಯರ್ ಲೆವರ್ಕೂಸನ್, ಹ್ಯಾಂಬರ್ಗ್, ಬಯರ್ನ್ ಮ್ಯೂನಿಕ್ ಮತ್ತು ರೆಡ್ ಬುಲ್ ಸಾಲ್ಜ್‌ಬರ್ಗ್ ಕ್ಲಬ್‌ಗಳ ಪರ ಆಡಿದರು. ಕ್ರೊಯೇಷ್ಯಾ ಪರ 83 ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಕಣಕ್ಕಿಳಿದರು. ತರಬೇತುದಾರರಾಗಿ ಕ್ರೊಯೇಷ್ಯಾ ತಂಡವನ್ನು 2014ರ ವಿಶ್ವಕಪ್‌ಗೆ ಕೊಂಡೊಯ್ದರು, 2018ರಲ್ಲಿ ಐನ್‌ಟ್ರಾಖ್ಟ್ ಫ್ರಾಂಕ್‌ಫರ್ಟ್‌ಗೆ ಜರ್ಮನ್ ಕಪ್ ಗೆದ್ದುಕೊಟ್ಟರು ಮತ್ತು 2018–19ರಲ್ಲಿ ಬಯರ್ನ್ ಮ್ಯೂನಿಕ್‌ಗೆ ಲೀಗ್ ಹಾಗೂ ಕಪ್ ಎರಡನ್ನೂ ತಂದುಕೊಟ್ಟರು. 2025ರ ಫೆಬ್ರವರಿಯಲ್ಲಿ ಬೊರುಸಿಯಾ ಡಾರ್ಟ್‌ಮಂಡ್‌ನ ತರಬೇತುದಾರರಾದರು.

ಜರ್ಮನಿಯ ಕ್ಲಬ್‌ಗಳಲ್ಲಿ ತರಬೇತುದಾರ ಅಭ್ಯಾಸ, ತಂಡದ ಆಯ್ಕೆ ಮತ್ತು ಪಂದ್ಯದ ತಂತ್ರವನ್ನು ನೋಡಿಕೊಳ್ಳುತ್ತಾನೆ. ಆಟಗಾರರ ಖರೀದಿ ಮತ್ತು ಮಾರಾಟದ ಹೊಣೆ ಕ್ರೀಡಾ ನಿರ್ದೇಶಕನದು. ಕೊವಾಚ್ ಕ್ಲಬ್ ತರಬೇತುದಾರರಾಗಿ ತಮ್ಮ ಜೀವನದ ಹೆಚ್ಚಿನ ಭಾಗವನ್ನು ಈ ವ್ಯವಸ್ಥೆಯೊಳಗೇ ಕಳೆದಿದ್ದಾರೆ.

ಹಿನ್ನೆಲೆ

ಕೊವಾಚ್ ಅವರ ತಂದೆತಾಯಿ ಕ್ರೊಯೇಷ್ಯನ್ ಮೂಲದವರು. ಇಂದಿನ ಬೋಸ್ನಿಯಾ ಮತ್ತು ಹರ್ಜೆಗೊವಿನಾ ದೇಶದ ಲಿವ್ನೊ ಪ್ರದೇಶದಿಂದ ಬರ್ಲಿನ್‌ಗೆ ಬಂದು ನೆಲೆಸಿದ್ದರು. ಎರಡನೆಯ ಮಹಾಯುದ್ಧದ ನಂತರ ವೇಗವಾಗಿ ಬೆಳೆದ ಪಶ್ಚಿಮ ಜರ್ಮನಿಯ ಉದ್ದಿಮೆಗಳಿಗೆ ಕೆಲಸಗಾರರು ಸಾಲದೆ, 1968ರಲ್ಲಿ ಯುಗೊಸ್ಲಾವಿಯಾ ಜೊತೆ ಕಾರ್ಮಿಕ ಒಪ್ಪಂದವಾಗಿತ್ತು. ಆ ಕಾಲದಲ್ಲಿ ವಲಸೆ ಬಂದ ಸಾವಿರಾರು ಕುಟುಂಬಗಳ ಮಕ್ಕಳು ಜರ್ಮನ್ ನಗರಗಳ ಬೀದಿಗಳಲ್ಲೂ ಸ್ಥಳೀಯ ಕ್ಲಬ್‌ಗಳಲ್ಲೂ ಫುಟ್‌ಬಾಲ್ ಕಲಿತರು.

ಕೊವಾಚ್ ಬೆಳೆದದ್ದು ಬರ್ಲಿನ್‌ನ ವೆಡಿಂಗ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ. ಮುಂದೆ ಫ್ರಾಂಕ್‌ಫರ್ಟ್‌ನಲ್ಲಿ ಅವರ ತಂಡದಲ್ಲಿ ಆಡಿದ ಕೆವಿನ್-ಪ್ರಿನ್ಸ್ ಬೋಟೆಂಗ್ ಕೂಡ ಅದೇ ಬಡಾವಣೆಯವರು. ಕೊವಾಚ್ ಮೊದಲು ರಾಪಿಡೆ ವೆಡಿಂಗ್ ಕ್ಲಬ್‌ನ ಮಕ್ಕಳ ತಂಡದಲ್ಲಿ ಆಡಿದರು. ನಂತರ, ಯುವ ಆಟಗಾರರನ್ನು ಬೆಳೆಸುವುದಕ್ಕೆ ಹೆಸರಾದ ಹೆರ್ಥಾ ಟ್ಸೇಲೆನ್‌ಡಾರ್ಫ್ ಸೇರಿದರು.

1974ರಲ್ಲಿ ಹುಟ್ಟಿದ ತಮ್ಮ ರೊಬರ್ಟ್ ಕೊವಾಚ್ ಡಿಫೆಂಡರ್ ಆದರು. ಸೋದರರಿಬ್ಬರೂ ಲೆವರ್ಕೂಸನ್, ಬಯರ್ನ್ ಮತ್ತು ಕ್ರೊಯೇಷ್ಯಾ ತಂಡಗಳಲ್ಲಿ ಜೊತೆಯಾಗಿ ಆಡಿದರು. ಕ್ರೊಯೇಷ್ಯಾ ರಾಷ್ಟ್ರೀಯ ತಂಡದಿಂದ ಹಿಡಿದು ಡಾರ್ಟ್‌ಮಂಡ್‌ವರೆಗೆ ರೊಬರ್ಟ್ ಅಣ್ಣನ ಸಹಾಯಕ ತರಬೇತುದಾರರಾಗಿ ಕೆಲಸ ಮಾಡಿದ್ದಾರೆ.

ಕ್ಲಬ್ ಆಟಗಾರರಾಗಿ

*ಬರ್ಲಿನ್, ಲೆವರ್ಕೂಸನ್, ಹ್ಯಾಂಬರ್ಗ್ (1991–2001).* 1991ರಲ್ಲಿ ಕೊವಾಚ್ ನಗರದ ದೊಡ್ಡ ಕ್ಲಬ್ ಹೆರ್ಥಾ ಬರ್ಲಿನ್ ಸೇರಿದರು. ಆಗ ಅದು ಎರಡನೆಯ ದರ್ಜೆಯ ಲೀಗ್‌ನಲ್ಲಿ ಆಡುತ್ತಿತ್ತು. ಐದು ವರ್ಷಗಳ ನಂತರ, 1996ರಲ್ಲಿ, ಬಾಯರ್ ಲೆವರ್ಕೂಸನ್‌ಗೆ ಹೋಗಿ ಜರ್ಮನಿಯ ಅತ್ಯುನ್ನತ ಲೀಗ್ ಆದ ಬುಂಡೆಸ್‌ಲಿಗಾಕ್ಕೆ ಕಾಲಿಟ್ಟರು. ಕ್ರಿಸ್ಟೋಫ್ ಡಾಮ್ ತರಬೇತುದಾರರಾಗಿದ್ದ ಆ ತಂಡ 1996–97 ಮತ್ತು 1998–99ರಲ್ಲಿ ಎರಡನೆಯ ಸ್ಥಾನ ಪಡೆಯಿತು.

1999ರಲ್ಲಿ ಹ್ಯಾಂಬರ್ಗ್ ಸೇರಿದರು. ಮೊದಲ ಋತುವಿನಲ್ಲಿ ತಂಡ ಮೂರನೆಯ ಸ್ಥಾನ ಗಳಿಸಿ ಚಾಂಪಿಯನ್ಸ್ ಲೀಗ್‌ಗೆ ಅರ್ಹತೆ ಪಡೆಯಿತು. 2000ರ ಸೆಪ್ಟೆಂಬರ್ 13ರಂದು ಹ್ಯಾಂಬರ್ಗ್‌ನಲ್ಲಿ ಯುವೆಂಟಸ್ ವಿರುದ್ಧ ನಡೆದ ಪಂದ್ಯ ಆ ಟೂರ್ನಿಯ ಪ್ರಸಿದ್ಧ ಪಂದ್ಯಗಳಲ್ಲೊಂದು. 1–3ರಿಂದ ಹಿಂದಿದ್ದ ಹ್ಯಾಂಬರ್ಗ್ 3–3ಕ್ಕೆ ಸಮ ಮಾಡಿಕೊಂಡಿತು. 82ನೆಯ ನಿಮಿಷದಲ್ಲಿ ಕೊವಾಚ್ ಗೋಲು ಹೊಡೆದು ತಂಡಕ್ಕೆ 4–3ರ ಮುನ್ನಡೆ ತಂದರು. 88ನೆಯ ನಿಮಿಷದಲ್ಲಿ ಫಿಲಿಪ್ಪೊ ಇಂಜಾಗಿ ಪೆನಾಲ್ಟಿಯಿಂದ ಮೂರನೆಯ ಗೋಲು ಗಳಿಸಿದ್ದರಿಂದ ಪಂದ್ಯ 4–4ರಲ್ಲಿ ಡ್ರಾ ಆಯಿತು.

*ಬಯರ್ನ್ ಮ್ಯೂನಿಕ್ (2001–2003).* 2001ರಲ್ಲಿ, ಯುರೋಪಿನ ಚಾಂಪಿಯನ್ ಆಗಿದ್ದ ಬಯರ್ನ್ ಕೊವಾಚ್ ಸೋದರರಿಬ್ಬರನ್ನೂ ಸೇರಿಸಿಕೊಂಡಿತು. ಆ ನವೆಂಬರ್‌ನಲ್ಲಿ ಟೋಕಿಯೊದಲ್ಲಿ ಅರ್ಜೆಂಟೀನಾದ ಬೋಕಾ ಜೂನಿಯರ್ಸ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 1–0ಯಿಂದ ಸೋಲಿಸಿ ಇಂಟರ್‌ಕಾಂಟಿನೆಂಟಲ್ ಕಪ್ ಗೆದ್ದಿತು. 2002–03ರಲ್ಲಿ ಬುಂಡೆಸ್‌ಲಿಗಾ ಮತ್ತು ಜರ್ಮನ್ ಕಪ್ ಎರಡೂ ಬಯರ್ನ್ ಪಾಲಾದವು. ಒಂದೇ ಋತುವಿನಲ್ಲಿ ಲೀಗ್ ಮತ್ತು ಕಪ್ ಗೆಲ್ಲುವುದನ್ನು 'ಡಬಲ್' ಎನ್ನುತ್ತಾರೆ. ಆದರೂ ತಾರೆಗಳಿಂದ ತುಂಬಿದ್ದ ಮ್ಯೂನಿಕ್ ತಂಡದ ಮೊದಲ ಹನ್ನೊಂದರಲ್ಲಿ ಕೊವಾಚ್‌ಗೆ ಕಾಯಂ ಸ್ಥಾನ ಸಿಗಲಿಲ್ಲ.

*ಮರಳಿ ಬರ್ಲಿನ್, ನಂತರ ಸಾಲ್ಜ್‌ಬರ್ಗ್ (2003–2009).* 2003ರಲ್ಲಿ ಹೆರ್ಥಾಗೆ ಮರಳಿ ಮೂರು ವರ್ಷ ಬುಂಡೆಸ್‌ಲಿಗಾ ಆಡಿದರು. 2006ರಲ್ಲಿ ಆಸ್ಟ್ರಿಯದ ರೆಡ್ ಬುಲ್ ಸಾಲ್ಜ್‌ಬರ್ಗ್ ಸೇರಿದರು. ಅಲ್ಲಿ ಆರಂಭದಲ್ಲಿ ಇಟಲಿಯ ಹಿರಿಯ ತರಬೇತುದಾರ ಜೊವಾನಿ ಟ್ರಪಟ್ಟೋನಿ ಅವರ ಕೈಕೆಳಗೆ ಆಡಿದರು. 2006–07 ಮತ್ತು 2008–09ರಲ್ಲಿ ಆಸ್ಟ್ರಿಯನ್ ಲೀಗ್ ಗೆದ್ದ ತಂಡಗಳಲ್ಲಿದ್ದರು. 2009ರಲ್ಲಿ ವೃತ್ತಿಪರ ಆಟದಿಂದ ನಿವೃತ್ತರಾದರು.

ರಾಷ್ಟ್ರೀಯ ತಂಡದಲ್ಲಿ

ಜರ್ಮನಿಯಲ್ಲಿ ಹುಟ್ಟಿ ಬೆಳೆದರೂ ಕೊವಾಚ್ ಸೋದರರು ಆಡಿದ್ದು ಕ್ರೊಯೇಷ್ಯಾ ಪರ. 1991ರಲ್ಲಿ ಸ್ವಾತಂತ್ರ್ಯ ಘೋಷಿಸಿದ ಆ ದೇಶ 1996ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ (ಯೂರೊ) ಮೊದಲ ಬಾರಿಗೆ ದೊಡ್ಡ ಟೂರ್ನಿ ಆಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೊರೊಕೊ ವಿರುದ್ಧ ನಿಕೊ ಕೊವಾಚ್ ಪದಾರ್ಪಣೆ ಮಾಡಿದರು. 1998ರ ವಿಶ್ವಕಪ್‌ನಲ್ಲಿ ಮೂರನೆಯ ಸ್ಥಾನ ಪಡೆದ ಕ್ರೊಯೇಷ್ಯಾ ತಂಡದಲ್ಲಿ ಅವರಿರಲಿಲ್ಲ. ದಾವೋರ್ ಶುಕರ್, ಜ್ವೊನಿಮಿರ್ ಬೋಬನ್ ಅವರ ತಲೆಮಾರು ಹಿಂದೆ ಸರಿದ ಮೇಲೆ ಹೊಸ ತಂಡದ ನಡುಭಾಗದ ಆಧಾರವಾದರು.

2002ರ ವಿಶ್ವಕಪ್ ತಂಡದಲ್ಲಿ ಸ್ಥಾನ ಪಡೆದರು. ಯೂರೊ 2004ರಲ್ಲಿ ಲಿಸ್ಬನ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಐದನೆಯ ನಿಮಿಷದಲ್ಲೇ ಗೋಲು ಹೊಡೆದರು. ಕ್ರೊಯೇಷ್ಯಾ ಆ ಪಂದ್ಯವನ್ನು 2–4ರಿಂದ ಸೋತು ಗುಂಪಿನ ಹಂತದಲ್ಲೇ ಹೊರಬಿತ್ತು.

ಜರ್ಮನಿಯಲ್ಲಿ ನಡೆದ 2006ರ ವಿಶ್ವಕಪ್‌ಗೆ ನಾಯಕರಾಗಿ ಬಂದರು. ಬ್ರೆಜಿಲ್ ವಿರುದ್ಧದ ಮೊದಲ ಪಂದ್ಯ ಹುಟ್ಟೂರು ಬರ್ಲಿನ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿತ್ತು. ಗಾಯಗೊಂಡ ಕೊವಾಚ್ ವಿರಾಮಕ್ಕೆ ಮೊದಲೇ ಮೈದಾನ ಬಿಡಬೇಕಾಯಿತು. ಕಾಕಾ ಅವರ ಏಕೈಕ ಗೋಲಿನಿಂದ ಬ್ರೆಜಿಲ್ ಗೆದ್ದಿತು. ಸ್ಟುಟ್‌ಗಾರ್ಟ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಕ್ರೊಯೇಷ್ಯಾ ಗೆಲ್ಲಲೇಬೇಕಿತ್ತು. 56ನೆಯ ನಿಮಿಷದಲ್ಲಿ ಕೊವಾಚ್ ದೂರದಿಂದ ಒದ್ದ ಚೆಂಡು ಗೋಲ್‌ಕೀಪರ್ ಕೈತಪ್ಪಿ ಬಲೆ ಸೇರಿ 2–1ರ ಮುನ್ನಡೆ ಸಿಕ್ಕಿತು. ಆದರೆ 79ನೆಯ ನಿಮಿಷದಲ್ಲಿ ಹ್ಯಾರಿ ಕ್ಯೂಯೆಲ್ ಸಮ ಮಾಡಿದ್ದರಿಂದ ಪಂದ್ಯ 2–2ರಲ್ಲಿ ಮುಗಿದು ಕ್ರೊಯೇಷ್ಯಾ ಹೊರಬಿತ್ತು.

ನಂತರ ತರಬೇತುದಾರರಾಗಿ ಬಂದ ಸ್ಲಾವೆನ್ ಬಿಲಿಚ್ ಕಟ್ಟಿದ ತಂಡದಲ್ಲಿ ಮೂವತ್ತಾರರ ಕೊವಾಚ್, ಇಪ್ಪತ್ತೆರಡರ ಲೂಕಾ ಮೊಡ್ರಿಚ್ ಪಕ್ಕದಲ್ಲಿ ಮಿಡ್‌ಫೀಲ್ಡ್ ಹಂಚಿಕೊಂಡರು. ಹಿರಿಯರು ಚೆಂಡು ಕಸಿದುಕೊಟ್ಟು ಹಿಂದಿನ ಜಾಗ ಕಾಯುತ್ತಿದ್ದರು, ಕಿರಿಯರು ಆಟ ಹೆಣೆಯುತ್ತಿದ್ದರು. 2007ರ ನವೆಂಬರ್ 21ರಂದು ವೆಂಬ್ಲಿಯಲ್ಲಿ ಈ ತಂಡ ಇಂಗ್ಲೆಂಡನ್ನು 3–2ರಿಂದ ಸೋಲಿಸಿ, ಯೂರೊ 2008ಕ್ಕೆ ಬರದಂತೆ ತಡೆಯಿತು. ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡ್‌ಗಳಲ್ಲಿ ನಡೆದ ಆ ಟೂರ್ನಿಯ ಗುಂಪಿನ ಹಂತದಲ್ಲಿ ಆಸ್ಟ್ರಿಯಾ, ಜರ್ಮನಿ, ಪೋಲೆಂಡ್ ಮೂರನ್ನೂ ಗೆದ್ದಿತು. ವಿಯೆನ್ನಾದ ಕ್ವಾರ್ಟರ್‌ಫೈನಲ್‌ನಲ್ಲಿ ಟರ್ಕಿ ವಿರುದ್ಧ 119ನೆಯ ನಿಮಿಷದಲ್ಲಿ ಮುನ್ನಡೆ ಪಡೆದರೂ, ಹೆಚ್ಚುವರಿ ಸಮಯದ ಕಟ್ಟಕಡೆಯ ಕ್ಷಣದಲ್ಲಿ ಗೋಲು ಬಿಟ್ಟುಕೊಟ್ಟು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. 2009ರ ಜನವರಿಯಲ್ಲಿ ಕೊವಾಚ್ ಅಂತಾರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದರು.

ಆಟದ ಶೈಲಿ

ಡಿಫೆಂಡರ್‌ಗಳ ಸಾಲಿನ ಮುಂದೆ ನಿಂತು ಎದುರಾಳಿಯ ದಾಳಿಯನ್ನು ಅಲ್ಲೇ ತಡೆಯುವುದು ರಕ್ಷಣಾತ್ಮಕ ಮಿಡ್‌ಫೀಲ್ಡರ್ ಕೆಲಸ. ಕೊವಾಚ್ ಇದಕ್ಕೆ ಬೇಕಾದ ದಮ್ಮು, ಗಟ್ಟಿಯಾದ ಟ್ಯಾಕಲ್ ಮತ್ತು ಸ್ಥಾನಪ್ರಜ್ಞೆ ಉಳ್ಳ ಆಟಗಾರರಾಗಿದ್ದರು. ಸಮಯ ನೋಡಿ ಎದುರಾಳಿಯ ಗೋಲಿನತ್ತ ನುಗ್ಗುವುದು, ಕಾರ್ನರ್ ಮತ್ತು ಫ್ರೀ ಕಿಕ್‌ಗಳಲ್ಲಿ ತಲೆಯಿಂದ ಚೆಂಡು ಹೊಡೆಯುವುದು ಅವರ ಇನ್ನೆರಡು ಬಲಗಳು. ಸಹ ಆಟಗಾರರನ್ನು ಮೈದಾನದಲ್ಲೇ ನಿಲ್ಲಿಸಿ ನಡೆಸುವ ಅಭ್ಯಾಸ ಅವರನ್ನು ನಾಯಕತ್ವಕ್ಕೂ ನಂತರ ತರಬೇತಿಗೂ ತಂದಿತು.

ತರಬೇತುದಾರರಾಗಿ

*ಸಾಲ್ಜ್‌ಬರ್ಗ್ (2009–2012).* ನಿವೃತ್ತಿಯ ಬೆನ್ನಲ್ಲೇ ರೆಡ್ ಬುಲ್ ಸಾಲ್ಜ್‌ಬರ್ಗ್‌ನ ಜೂನಿಯರ್ ತಂಡದ ಹೊಣೆ ವಹಿಸಿಕೊಂಡರು. 2011ರಲ್ಲಿ ಹಿರಿಯರ ತಂಡದಲ್ಲಿ ನೆದರ್ಲೆಂಡ್ಸ್‌ನ ರಿಕಾರ್ಡೊ ಮೋನಿಜ್ ಅವರಿಗೆ ಸಹಾಯಕರಾದರು.

*ಕ್ರೊಯೇಷ್ಯಾ (2013–2015).* 2013ರ ಆರಂಭದಲ್ಲಿ ಕ್ರೊಯೇಷ್ಯಾದ 21 ವರ್ಷದೊಳಗಿನವರ ತಂಡದ ತರಬೇತುದಾರರಾದರು. ಆ ಅಕ್ಟೋಬರ್‌ನಲ್ಲಿ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಎಡವಿದ ಹಿರಿಯರ ತಂಡದಿಂದ ಇಗೊರ್ ಶ್ಟಿಮಾಟ್ಸ್ ಹೊರಬಿದ್ದಾಗ ಆ ಸ್ಥಾನಕ್ಕೆ ಕೊವಾಚ್ ಬಂದರು. ಶ್ಟಿಮಾಟ್ಸ್ ಭಾರತದಲ್ಲೂ ಪರಿಚಿತರು. 2019ರಿಂದ 2024ರವರೆಗೆ ಭಾರತ ತಂಡದ ತರಬೇತುದಾರರಾಗಿದ್ದ ಅವರ ಅವಧಿಯಲ್ಲೇ, 2023ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಸ್ಯಾಫ್ ಚಾಂಪಿಯನ್‌ಷಿಪ್ ಗೆದ್ದಿತು.

ಕೊವಾಚ್ ಮುಂದಿದ್ದದ್ದು ಐಸ್‌ಲ್ಯಾಂಡ್ ವಿರುದ್ಧದ ಎರಡು ಪ್ಲೇಆಫ್ ಪಂದ್ಯಗಳು. ರೇಕ್ಯಾವಿಕ್‌ನಲ್ಲಿ ಪಂದ್ಯ 0–0ಯಲ್ಲಿ ಮುಗಿಯಿತು. ನವೆಂಬರ್ 19ರಂದು ಜಾಗ್ರೆಬ್‌ನಲ್ಲಿ ಮಾರಿಯೊ ಮಂಜುಕಿಚ್ ಮೊದಲ ಗೋಲು ಹೊಡೆದು, ನಂತರ ಕೆಂಪು ಕಾರ್ಡ್ ಪಡೆದು ಹೊರನಡೆದರು. ಹತ್ತು ಮಂದಿಯೊಂದಿಗೆ ಆಡಿದ ಕ್ರೊಯೇಷ್ಯಾ, ಡಾರಿಯೊ ಸರ್ನಾ ಅವರ ಎರಡನೆಯ ಗೋಲಿನಿಂದ 2–0ಯಿಂದ ಗೆದ್ದು ವಿಶ್ವಕಪ್ ತಲುಪಿತು.

2014ರ ಜೂನ್ 12ರಂದು ಸಾವೊ ಪಾವ್ಲೊದಲ್ಲಿ ಆತಿಥೇಯ ಬ್ರೆಜಿಲ್ ವಿರುದ್ಧದ ಪಂದ್ಯದಿಂದ ಟೂರ್ನಿ ಆರಂಭವಾಯಿತು. ಮಾರ್ಸೆಲೊ ಅವರ ಸ್ವಂತ ಗೋಲಿನಿಂದ ಕ್ರೊಯೇಷ್ಯಾ ಮುನ್ನಡೆ ಪಡೆದರೂ 1–3ರಿಂದ ಸೋತಿತು. 1–1 ಇದ್ದಾಗ ಬ್ರೆಜಿಲ್‌ಗೆ ಸಿಕ್ಕ ಪೆನಾಲ್ಟಿ ತೀವ್ರ ವಿವಾದಕ್ಕೆ ಕಾರಣವಾಯಿತು. ಮನೌಸ್‌ನಲ್ಲಿ ಕ್ಯಾಮರೂನ್ ತಂಡವನ್ನು 4–0ಯಿಂದ ಮಣಿಸಿದ ಕ್ರೊಯೇಷ್ಯಾ, ಮೆಕ್ಸಿಕೊಗೆ 1–3ರಿಂದ ಸೋತು ಮನೆಗೆ ಮರಳಿತು.

ಯೂರೊ 2016ರ ಅರ್ಹತಾ ಸುತ್ತಿನಲ್ಲಿ ನಾರ್ವೆ ವಿರುದ್ಧ 5–1ರ ಜಯ ಸಿಕ್ಕಿತು. ಸ್ಪ್ಲಿಟ್‌ನಲ್ಲಿ ಇಟಲಿ ವಿರುದ್ಧ ನಡೆದ ಪಂದ್ಯದ ಮೈದಾನದ ಮೇಲೆ ನಾಜಿ ಸ್ವಸ್ತಿಕ ಚಿಹ್ನೆ ಕಾಣಿಸಿಕೊಂಡದ್ದರಿಂದ ಯುರೋಪಿಯನ್ ಫುಟ್‌ಬಾಲ್ ಒಕ್ಕೂಟವು ಕ್ರೊಯೇಷ್ಯಾದ ಒಂದು ಅಂಕ ಕಡಿತಗೊಳಿಸಿತು. 2015ರ ಸೆಪ್ಟೆಂಬರ್‌ನಲ್ಲಿ ಅಜರ್‌ಬೈಜಾನ್ ಜೊತೆ 0–0 ಡ್ರಾ ಮತ್ತು ನಾರ್ವೆ ಎದುರು 0–2 ಸೋಲಿನ ನಂತರ ಕೊವಾಚ್ ಅವರನ್ನು ಹುದ್ದೆಯಿಂದ ತೆಗೆಯಲಾಯಿತು.

*ಐನ್‌ಟ್ರಾಖ್ಟ್ ಫ್ರಾಂಕ್‌ಫರ್ಟ್ (2016–2018).* 2016ರ ಮಾರ್ಚ್‌ನಲ್ಲಿ ಅರ್ಮಿನ್ ಫೇ ಅವರ ಜಾಗಕ್ಕೆ ಬಂದಾಗ ಫ್ರಾಂಕ್‌ಫರ್ಟ್ ಹದಿನಾರನೆಯ ಸ್ಥಾನದಲ್ಲಿತ್ತು. ಹದಿನೆಂಟು ತಂಡಗಳ ಬುಂಡೆಸ್‌ಲಿಗಾದಲ್ಲಿ ಕೊನೆಯ ಎರಡು ತಂಡಗಳು ನೇರವಾಗಿ ಕೆಳದರ್ಜೆಗೆ ಇಳಿಯುತ್ತವೆ. ಹದಿನಾರನೆಯದು ಕೆಳಗಿನ ಲೀಗ್‌ನ ಮೂರನೆಯ ತಂಡದೊಂದಿಗೆ ಪ್ಲೇಆಫ್ ಆಡಿ ಉಳಿದುಕೊಳ್ಳಬೇಕು. ಫ್ರಾಂಕ್‌ಫರ್ಟ್ ಸತತ ಮೂರು ಪಂದ್ಯ ಗೆದ್ದು ಚೇತರಿಸಿಕೊಂಡರೂ, ಕೊನೆಯ ದಿನ ಬ್ರೆಮೆನ್‌ನಲ್ಲಿ ಕಡೆಯ ನಿಮಿಷಗಳ ಗೋಲಿಗೆ ಸೋತು ಪ್ಲೇಆಫ್‌ಗೆ ತಳ್ಳಲ್ಪಟ್ಟಿತು. ನ್ಯೂರೆಂಬರ್ಗ್ ವಿರುದ್ಧ ಮೊದಲ ಪಂದ್ಯ 1–1ರಲ್ಲಿ ಡ್ರಾ ಆಯಿತು. ಎರಡನೆಯದರಲ್ಲಿ ಹಾರಿಸ್ ಸೆಫೆರೊವಿಚ್ ಗಳಿಸಿದ ಗೋಲು ಕ್ಲಬ್ಬನ್ನು ಮೇಲಿನ ಲೀಗ್‌ನಲ್ಲಿ ಉಳಿಸಿತು.

ಮುಂದಿನ ಋತುವಿನಲ್ಲಿ ತಂಡ ಹನ್ನೊಂದನೆಯ ಸ್ಥಾನಕ್ಕೇರಿತು. ಜರ್ಮನ್ ಕಪ್ ಫೈನಲ್‌ನಲ್ಲಿ ಡಾರ್ಟ್‌ಮಂಡ್‌ಗೆ 1–2ರಿಂದ ಸೋತಿತು. 2017–18ರಲ್ಲಿ ಎಂಟನೆಯ ಸ್ಥಾನ ಪಡೆದು ಮತ್ತೆ ಫೈನಲ್ ತಲುಪಿತು. ಅಷ್ಟರಲ್ಲಿ, ಏಪ್ರಿಲ್‌ನಲ್ಲೇ, ಕೊವಾಚ್ ಮುಂದಿನ ಋತುವಿಗೆ ಬಯರ್ನ್ ಸೇರುವುದು ಪ್ರಕಟವಾಗಿತ್ತು. ಫೈನಲ್‌ನ ಎದುರಾಳಿಯೂ ಬಯರ್ನ್ ಆಗಿತ್ತು.

2018ರ ಮೇ 19ರಂದು ಬರ್ಲಿನ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಕ್ರೊಯೇಷ್ಯಾದ ಆಂಟೆ ರೆಬಿಚ್ 11ನೆಯ ನಿಮಿಷದಲ್ಲಿ ಗೋಲು ಹೊಡೆದರು. ವಿರಾಮದ ನಂತರ ರಾಬರ್ಟ್ ಲೆವಾಂಡೋಸ್ಕಿ ಸಮ ಮಾಡಿದರು. 82ನೆಯ ನಿಮಿಷದಲ್ಲಿ ರೆಬಿಚ್ ಮತ್ತೆ ಗೋಲು ಗಳಿಸಿದರು. ಕೊನೆಯ ಕ್ಷಣಗಳಲ್ಲಿ ಬಯರ್ನ್ ಗೋಲ್‌ಕೀಪರ್ ಸ್ವೆನ್ ಉಲ್ರೈಖ್ ಕೂಡ ಕಾರ್ನರ್‌ಗಾಗಿ ಮುಂದೆ ಬಂದಿದ್ದರು. ಆಗ ಸಿಕ್ಕ ಚೆಂಡನ್ನು ಮಿಯಾತ್ ಗಾಚಿನೊವಿಚ್ ಮೈದಾನದುದ್ದಕ್ಕೂ ಓಡಿಸಿಕೊಂಡು ಹೋಗಿ ಖಾಲಿ ಗೋಲಿನೊಳಗೆ ಸೇರಿಸಿದರು. 3–1ರ ಈ ಗೆಲುವು ಫ್ರಾಂಕ್‌ಫರ್ಟ್‌ಗೆ 1988ರ ನಂತರ ಸಿಕ್ಕ ಮೊದಲ ದೊಡ್ಡ ಪ್ರಶಸ್ತಿ.

*ಬಯರ್ನ್ ಮ್ಯೂನಿಕ್ (2018–2019).* ಹೊಸ ಋತು ಫ್ರಾಂಕ್‌ಫರ್ಟ್ ವಿರುದ್ಧದ ಜರ್ಮನ್ ಸೂಪರ್ ಕಪ್‌ನಲ್ಲಿ 5–0 ಜಯದೊಂದಿಗೆ ತೆರೆದುಕೊಂಡಿತು. ನವೆಂಬರ್ ಅಂತ್ಯದ ಹೊತ್ತಿಗೆ ಬಯರ್ನ್ ಲೀಗ್‌ನಲ್ಲಿ ಡಾರ್ಟ್‌ಮಂಡ್‌ಗಿಂತ ಒಂಬತ್ತು ಅಂಕ ಹಿಂದಿತ್ತು. 2019ರ ಏಪ್ರಿಲ್ 6ರಂದು ಡಾರ್ಟ್‌ಮಂಡ್ ತಂಡವನ್ನು 5–0ಯಿಂದ ಸೋಲಿಸಿ ಮೊದಲ ಸ್ಥಾನ ಹಿಡಿಯಿತು. ಮೇ 18ರ ಕೊನೆಯ ಪಂದ್ಯದಲ್ಲಿ ಫ್ರಾಂಕ್‌ಫರ್ಟ್ ವಿರುದ್ಧ 5–1ರಿಂದ ಗೆದ್ದು, ಎರಡು ಅಂಕಗಳ ಅಂತರದಲ್ಲಿ ಸತತ ಏಳನೆಯ ಲೀಗ್ ಪ್ರಶಸ್ತಿ ಗಳಿಸಿತು. ಕ್ಲಬ್ ಬಿಡುತ್ತಿದ್ದ ಫ್ರಾಂಕ್ ರಿಬೆರಿ ಮತ್ತು ಆರ್ಯೆನ್ ರೊಬ್ಬೆನ್ ಇಬ್ಬರೂ ಅಂದು ಬದಲಿ ಆಟಗಾರರಾಗಿ ಬಂದು ಗೋಲು ಹೊಡೆದರು. ಒಂದು ವಾರದ ನಂತರ ಬರ್ಲಿನ್‌ನಲ್ಲಿ ಲೈಪ್‌ಜಿಗ್ ತಂಡವನ್ನು 3–0ಯಿಂದ ಮಣಿಸಿ ಕಪ್ ಗೆದ್ದಿತು. ಹೀಗೆ ಜರ್ಮನಿಯಲ್ಲಿ ಆಟಗಾರನಾಗಿಯೂ ತರಬೇತುದಾರನಾಗಿಯೂ ಡಬಲ್ ಗೆದ್ದ ಮೊದಲಿಗರು ಕೊವಾಚ್.

ಚಾಂಪಿಯನ್ಸ್ ಲೀಗ್‌ನಲ್ಲಿ ಮಾತ್ರ ಬಯರ್ನ್ ಹದಿನಾರರ ಘಟ್ಟದಲ್ಲಿ ಲಿವರ್‌ಪೂಲ್‌ಗೆ ಸೋತಿತ್ತು. ಮುಂದಿನ ಋತುವಿನಲ್ಲಿ, 2019ರ ಅಕ್ಟೋಬರ್‌ನಲ್ಲಿ, ಲಂಡನ್‌ನಲ್ಲಿ ಟಾಟನ್‌ಹ್ಯಾಮ್ ತಂಡವನ್ನು 7–2ರಿಂದ ಸೋಲಿಸಿದರೂ ಲೀಗ್‌ನಲ್ಲಿ ಅಂಕ ಕಳೆದುಕೊಳ್ಳುತ್ತ ಹೋಯಿತು. ನವೆಂಬರ್ 2ರಂದು ಫ್ರಾಂಕ್‌ಫರ್ಟ್‌ನಲ್ಲಿ ಜೆರೋಮ್ ಬೋಟೆಂಗ್ ಆರಂಭದಲ್ಲೇ ಕೆಂಪು ಕಾರ್ಡ್ ಪಡೆದ ಪಂದ್ಯವನ್ನು 1–5ರಿಂದ ಸೋತ ಮರುದಿನ ಕೊವಾಚ್ ಹುದ್ದೆ ಬಿಟ್ಟರು. ಅವರ ಸಹಾಯಕರಾಗಿದ್ದ ಹಾನ್ಸಿ ಫ್ಲಿಕ್ ಆ ಜಾಗಕ್ಕೆ ಬಂದು, ಅದೇ ಋತುವಿನಲ್ಲಿ ಲೀಗ್, ಕಪ್ ಮತ್ತು ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದರು.

*ಮೊನಾಕೊ (2020–2021).* 2020ರ ಜುಲೈನಲ್ಲಿ ಫ್ರೆಂಚ್ ಲೀಗ್‌ನ ಮೊನಾಕೊ ತಂಡದ ಹೊಣೆ ಹೊತ್ತರು. ಮೊದಲ ಋತುವಿನಲ್ಲಿ ತಂಡ 78 ಅಂಕಗಳೊಂದಿಗೆ ಮೂರನೆಯ ಸ್ಥಾನ ಗಳಿಸಿತು. ಚಾಂಪಿಯನ್ ಲೀಲ್‌ಗಿಂತ ಐದೇ ಅಂಕ ಹಿಂದಿತ್ತು. ಫ್ರೆಂಚ್ ಕಪ್ ಫೈನಲ್‌ನಲ್ಲಿ ಪ್ಯಾರಿಸ್ ಸೇಂಟ್-ಜರ್ಮೇನ್ ಎದುರು 0–2ರಿಂದ ಸೋತಿತು. ವಿಸಾಮ್ ಬೆನ್ ಯೆಡೆರ್ ಮತ್ತು ಕೆವಿನ್ ಫೊಲಾಂಡ್ ಜೋಡಿ ದಾಳಿಯ ಬಲವಾಗಿತ್ತು. 2022ರಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿದ ಮಿಡ್‌ಫೀಲ್ಡರ್ ಒರೆಲಿಯಾನ್ ಶುಆಮೆನಿ ಈ ಅವಧಿಯಲ್ಲಿ ತಂಡದ ಕಾಯಂ ಆಟಗಾರರಾಗಿ ಬೆಳೆದರು. ಎರಡನೆಯ ಋತುವಿನ ನಡುವೆ, 2021ರ ಕೊನೆಯಲ್ಲಿ, ಕ್ಲಬ್ ಕೊವಾಚ್ ಅವರನ್ನು ಕೈಬಿಟ್ಟಿತು.

*ವೊಲ್ಫ್ಸ್‌ಬರ್ಗ್ (2022–2024).* 2022–23ರಲ್ಲಿ ತಂಡ ಎಂಟನೆಯ ಸ್ಥಾನ ಪಡೆಯಿತು. ಮುಂದಿನ ಋತುವಿನಲ್ಲಿ, 2024ರ ಆರಂಭದಿಂದ ಮಾರ್ಚ್ ಮಧ್ಯದವರೆಗೆ ಲೀಗ್‌ನ ಒಂದೂ ಪಂದ್ಯ ಗೆಲ್ಲಲಾಗಲಿಲ್ಲ. ಔಗ್ಸ್‌ಬರ್ಗ್ ಎದುರಿನ 1–3ರ ಸೋಲಿನ ನಂತರ ಅವರನ್ನು ಹುದ್ದೆಯಿಂದ ಬಿಡುಗಡೆ ಮಾಡಲಾಯಿತು.

*ಬೊರುಸಿಯಾ ಡಾರ್ಟ್‌ಮಂಡ್ (2025ರಿಂದ).* ನೂರಿ ಶಾಹಿನ್ ಅವರನ್ನು ಕೈಬಿಟ್ಟ ಡಾರ್ಟ್‌ಮಂಡ್ 2025ರ ಫೆಬ್ರವರಿ ಆರಂಭದಲ್ಲಿ ಕೊವಾಚ್ ಅವರನ್ನು ನೇಮಿಸಿತು. ಮೊದಲ ಎರಡು ಲೀಗ್ ಪಂದ್ಯಗಳಲ್ಲಿ ಸ್ಟುಟ್‌ಗಾರ್ಟ್ ಮತ್ತು ಬೋಖುಮ್ ಎದುರು ಸೋಲಾಯಿತು. 26 ಸುತ್ತು ಮುಗಿದಾಗ ತಂಡ ಹನ್ನೊಂದನೆಯ ಸ್ಥಾನದಲ್ಲಿತ್ತು. ಉಳಿದ ಎಂಟು ಪಂದ್ಯಗಳಲ್ಲಿ ಏಳನ್ನು ಗೆದ್ದು, ಬಯರ್ನ್ ಜೊತೆ ಒಂದನ್ನು ಡ್ರಾ ಮಾಡಿಕೊಂಡು, ಸಾಧ್ಯವಿದ್ದ 24 ಅಂಕಗಳಲ್ಲಿ 22ನ್ನು ಗಳಿಸಿತು. ಕೊನೆಯ ದಿನ ಹೋಲ್‌ಸ್ಟೈನ್ ಕೀಲ್ ತಂಡವನ್ನು 3–0ಯಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೇರಿ ಚಾಂಪಿಯನ್ಸ್ ಲೀಗ್‌ಗೆ ಅರ್ಹತೆ ಪಡೆಯಿತು.

ಆ ಋತುವಿನ ಚಾಂಪಿಯನ್ಸ್ ಲೀಗ್‌ನಲ್ಲಿ ಸ್ಪೋರ್ಟಿಂಗ್ ಮತ್ತು ಲೀಲ್ ತಂಡಗಳನ್ನು ದಾಟಿ ಕ್ವಾರ್ಟರ್‌ಫೈನಲ್ ತಲುಪಿತು. ಅಲ್ಲಿ ಬಾರ್ಸಿಲೋನಾದಲ್ಲಿ 0–4ರಿಂದ ಸೋತಿತು. ತವರಿನಲ್ಲಿ ಸೆರೂ ಗಿರಾಸಿ ಅವರ ಮೂರು ಗೋಲುಗಳಿಂದ 3–1ರಿಂದ ಗೆದ್ದರೂ ಒಟ್ಟು ಲೆಕ್ಕದಲ್ಲಿ ಹಿಂದುಳಿಯಿತು. ಬೇಸಿಗೆಯಲ್ಲಿ ಅಮೆರಿಕದಲ್ಲಿ ನಡೆದ ಕ್ಲಬ್ ವಿಶ್ವಕಪ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ಗೆ 2–3ರಿಂದ ಸೋತಿತು.

ತರಬೇತಿಯ ವಿಧಾನ

ದೈಹಿಕ ಸಾಮರ್ಥ್ಯ, ಶಿಸ್ತು ಮತ್ತು ಚೆಂಡು ಕಳೆದುಕೊಂಡ ತಕ್ಷಣ ಎದುರಾಳಿಯ ಮೇಲೆ ಒತ್ತಡ ಹೇರುವುದು ಕೊವಾಚ್ ತಂಡಗಳ ಲಕ್ಷಣಗಳು. ಆಟಗಾರರ ವಿನ್ಯಾಸವನ್ನು ಅವರು ಕ್ಲಬ್‌ನಿಂದ ಕ್ಲಬ್‌ಗೆ ಬದಲಿಸಿದ್ದಾರೆ. ಫ್ರಾಂಕ್‌ಫರ್ಟ್‌ನಲ್ಲಿ ಮೂವರು ಸೆಂಟರ್‌ಬ್ಯಾಕ್‌ಗಳನ್ನು ಹೆಚ್ಚಾಗಿ ಬಳಸಿ, ಮಿಡ್‌ಫೀಲ್ಡರ್ ಆಗಿದ್ದ ಜಪಾನಿನ ಮಕೊಟೊ ಹಸೇಬೆ ಅವರನ್ನು ಆ ಮೂವರ ನಡುವೆ ನಿಲ್ಲಿಸಿದರು. ಹಿಂದಿನಿಂದಲೇ ಆಟ ಓದಿ ಚೆಂಡು ಹಂಚುವ ಆ ಪಾತ್ರದಲ್ಲಿ ಹಸೇಬೆ ಇನ್ನೂ ಹಲವು ವರ್ಷ ಮುಂದುವರಿದರು. ಮೊನಾಕೊದಲ್ಲಿ ಇಬ್ಬರು ಸ್ಟ್ರೈಕರ್‌ಗಳ 4–4–2 ವಿನ್ಯಾಸಕ್ಕೆ ಒತ್ತು ಕೊಟ್ಟರು. ಡಾರ್ಟ್‌ಮಂಡ್‌ನಲ್ಲಿ ನಾಲ್ವರು ಡಿಫೆಂಡರ್‌ಗಳಿಂದ ಆರಂಭಿಸಿ ಮೂವರ ಸಾಲಿಗೆ ಬದಲಾದರು.

ಕ್ರೊಯೇಷ್ಯಾ, ಫ್ರಾಂಕ್‌ಫರ್ಟ್ ಮತ್ತು ಡಾರ್ಟ್‌ಮಂಡ್ ಹುದ್ದೆಗಳು ಸಂಕಟದ ನಡುವೆ ಬಂದವು. ಮೂರರಲ್ಲೂ ತಕ್ಷಣದ ಗುರಿ ಈಡೇರಿತು: ಒಂದರಲ್ಲಿ ವಿಶ್ವಕಪ್ ಅರ್ಹತೆ, ಇನ್ನೊಂದರಲ್ಲಿ ಮೇಲಿನ ಲೀಗ್‌ನಲ್ಲಿ ಉಳಿವು, ಮತ್ತೊಂದರಲ್ಲಿ ಚಾಂಪಿಯನ್ಸ್ ಲೀಗ್ ಸ್ಥಾನ. ಬಯರ್ನ್, ಮೊನಾಕೊ ಮತ್ತು ವೊಲ್ಫ್ಸ್‌ಬರ್ಗ್‌ಗಳಲ್ಲಿ ಋತುವಿನ ಆರಂಭದಲ್ಲೇ ಹೊಣೆ ಹೊತ್ತರು, ಮೂರನ್ನೂ ಎರಡನೆಯ ಋತುವಿನ ನಡುವೆ ಬಿಟ್ಟರು.

ಪ್ರಮುಖ ಪ್ರಶಸ್ತಿಗಳು

ಆಟಗಾರರಾಗಿ: ಇಂಟರ್‌ಕಾಂಟಿನೆಂಟಲ್ ಕಪ್ (2001), ಬುಂಡೆಸ್‌ಲಿಗಾ ಮತ್ತು ಜರ್ಮನ್ ಕಪ್ (2002–03, ಬಯರ್ನ್), ಆಸ್ಟ್ರಿಯನ್ ಲೀಗ್ (2006–07, 2008–09, ಸಾಲ್ಜ್‌ಬರ್ಗ್).

ತರಬೇತುದಾರರಾಗಿ: ಜರ್ಮನ್ ಕಪ್ (2017–18, ಫ್ರಾಂಕ್‌ಫರ್ಟ್), ಜರ್ಮನ್ ಸೂಪರ್ ಕಪ್ (2018, ಬಯರ್ನ್), ಬುಂಡೆಸ್‌ಲಿಗಾ ಮತ್ತು ಜರ್ಮನ್ ಕಪ್ (2018–19, ಬಯರ್ನ್).

ಈಚಿನ ಸ್ಥಿತಿ

2025ರ ಆಗಸ್ಟ್‌ನಲ್ಲಿ ಡಾರ್ಟ್‌ಮಂಡ್ ಕೊವಾಚ್ ಅವರ ಒಪ್ಪಂದವನ್ನು 2027ರವರೆಗೆ ವಿಸ್ತರಿಸಿತು. ಕ್ರೊಯೇಷ್ಯಾ ರಾಷ್ಟ್ರೀಯ ತಂಡವನ್ನು ನಾಯಕರಾಗಿಯೂ ತರಬೇತುದಾರರಾಗಿಯೂ ವಿಶ್ವಕಪ್‌ನಲ್ಲಿ ಮುನ್ನಡೆಸಿದ ಅವರು, ಜರ್ಮನಿಯ ಎರಡು ಅತಿ ದೊಡ್ಡ ಕ್ಲಬ್‌ಗಳಾದ ಬಯರ್ನ್ ಮತ್ತು ಡಾರ್ಟ್‌ಮಂಡ್ ಎರಡಕ್ಕೂ ತರಬೇತಿ ನೀಡಿದ ಕೆಲವೇ ಮಂದಿಯಲ್ಲಿ ಒಬ್ಬರು.